ಬಂಕಾಪುರದ ನವಿಲುಗಳು: ಕವಿಸಮಯವೂ ಕ್ಷೇತ್ರವೀಕ್ಷಣೆಯೂ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿಗೆ ಸೇರಿದ ಬಂಕಾಪುರವು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕನೂ ಚೆಲ್ಲಕೇತನ ವಂಶದವನೂ ಆದ ಬಂಕೆಯನಿಂದ ಈ ಊರಿಗೆ ಹೆಸರು ಬಂದಿತು. ಅವನ ಮಗನಾದ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ಕ್ರಿ.ಶ. ೮೯೮ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಪೂಜೆ ಸಂದುದು ಈ ಊರಿನಲ್ಲಿಯೇ. ಗಂಗ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟುದೂ ಇಲ್ಲಿಯೇ. ಕನಕದಾಸರ ಜನ್ಮಸ್ಥಳವಾದ ಬಾಡವು ಇಲ್ಲಿಗೆ ಸಮೀಪದ ಗ್ರಾಮವು. ಕಂದಕದಿಂದ ಸುತ್ತುವರಿದ ಹಳೆಯ ಕೋಟೆಯೊಳಗೆ ನಗರೇಶ್ವರ ದೇವಾಲಯವು ಇಂದಿಗೂ ನಿಂತಿದೆ. ಆದರೆ ಕೋಟೆಯ ಈಗಿನ ನಿವಾಸಿಗಳು ನವಿಲುಗಳು. ೨೦೦೬ರಲ್ಲಿ ಕರ್ನಾಟಕ ಸರಕಾರವು ಕೋಟೆಯ ಆವರಣದ ಸುಮಾರು ೧೩೯ ಎಕರೆ ನೆಲವನ್ನು ನವಿಲುಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯನ್ನು ಬಿಟ್ಟರೆ ಈ ರಾಜ್ಯದಲ್ಲಿ ನವಿಲಿಗೆಂದೇ ಹೆಸರಾದ ಸ್ಥಳವು ಇದೇ.

ನವಿಲಿನಷ್ಟು ಕಾವ್ಯದಲ್ಲಿ ಬಳಕೆಯಾದ ಹಕ್ಕಿ ಮತ್ತೊಂದಿಲ್ಲವೆಂದು ಹೇಳಿದರೆ ಕೋಗಿಲೆಯ ಪಕ್ಷದವರು ಮಾತ್ರ ಆಕ್ಷೇಪಿಸಬಹುದು. ಕಾರ್ಮುಗಿಲನ್ನು ಕಂಡು ಸೋಗೆಗೆದರಿ ಕುಣಿಯುವ ನವಿಲು ಮಳೆಗಾಲದ ವರ್ಣನೆಯಿರುವ ಯಾವ ಕಾವ್ಯದಲ್ಲಿಯೂ ತಪ್ಪುವುದಿಲ್ಲ. ಈ ಚಿತ್ರವು ಎಷ್ಟರಮಟ್ಟಿಗೆ ಕಣ್ಣಾರೆ ಕಂಡುದು, ಎಷ್ಟರಮಟ್ಟಿಗೆ ಸಂಪ್ರದಾಯದಿಂದ ಬಂದುದು ಎಂಬ ಪ್ರಶ್ನೆಯನ್ನು ಎತ್ತಿದವರಲ್ಲಿ ಪಕ್ಷಿಶಾಸ್ತ್ರಜ್ಞರು ಮೊದಲಿಗರಲ್ಲ. ಬಂಕಾಪುರದಲ್ಲಿ ಉತ್ತರಪುರಾಣಕ್ಕೆ ಪೂಜೆ ಸಂದ ಕಾಲಕ್ಕೆ ಹೆಚ್ಚುಕಡಿಮೆ ಸಮಕಾಲೀನನಾಗಿ ಕನೌಜಿನಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಸಮಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು: ಇಲ್ಲದುದನ್ನು ಇದೆಯೆಂದು ವರ್ಣಿಸುವುದು, ಇದ್ದುದನ್ನು ವರ್ಣಿಸದೆ ಬಿಡುವುದು, ಹಲವು ಕಡೆ ಇರುವುದನ್ನು ಒಂದೇ ಕಡೆಗೆ ನಿಯಮಿಸುವುದು. ನವಿಲಿನ ಕೂಗನ್ನೂ ಕುಣಿತವನ್ನೂ ಅವನು ಮೂರನೆಯ ವರ್ಗದಲ್ಲಿಟ್ಟನು. ಎಂದರೆ, ನವಿಲು ಬೇರೆ ಕಾಲಗಳಲ್ಲಿಯೂ ಕೂಗುವುದು, ಕುಣಿಯುವುದು. ಕವಿಗಳು ಮಾತ್ರ ಅದನ್ನು ಮಳೆಗಾಲಕ್ಕೆ ಕಟ್ಟಿಹಾಕಿರುವರು ಎಂಬುದು ಹಳೆಯ ಲಾಕ್ಷಣಿಕನಿಗೆ ಚೆನ್ನಾಗಿ ತಿಳಿದಿದ್ದಿತು. ಕನ್ನಡದಲ್ಲಿ ಇಮ್ಮಡಿ ನಾಗವರ್ಮನು 'ಕಾವ್ಯಾವಲೋಕನ'ದ ಐದನೆಯ ಅಧಿಕರಣವನ್ನೇ ಕವಿಸಮಯಕ್ಕೆ ಮೀಸಲಿಟ್ಟುದನ್ನು ನೋಡಿದರೆ, ಕಂಡುದಕ್ಕೂ ಕಟ್ಟಿದುದಕ್ಕೂ ಇರುವ ಅಂತರವು ನಮ್ಮ ಪೂರ್ವಿಕರಿಗೆ ಅಜ್ಞಾತವಾಗಿರಲಿಲ್ಲವೆಂಬುದು ಸ್ಪಷ್ಟವಾಗುವುದು. ಕವಿಸಮಯವೆಂದರೆ ಬರಿಯ ಅಜ್ಞಾನವೆಂದು ತರಗತಿಗಳಲ್ಲಿ ಹೇಳುವ ರೂಢಿಯನ್ನು ಈ ದೃಷ್ಟಿಯಿಂದ ತಿದ್ದಿಕೊಳ್ಳಬೇಕಾಗಿದೆ.

ಹಾಗಾದರೆ ನವಿಲು ಕುಣಿಯುವುದು ಯಾವಾಗ? ಈ ಹಕ್ಕಿಯ ಸಂತಾನಕಾಲದ ಪರಾಕಾಷ್ಠೆಯು ಎಲ್ಲೆಡೆಯಲ್ಲಿಯೂ ಒಂದೇ ಅಲ್ಲ. ಸಿಂಹಳದಲ್ಲಿ ಅದು ಜನವರಿಯಿಂದ ಮಾರ್ಚಿಯವರೆಗೆ, ದಕ್ಷಿಣ ಭಾರತದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಉತ್ತರ ಭಾರತದಲ್ಲಿ ಜೂನ್ ತಿಂಗಳಿನಲ್ಲಿ ಎಂದು ಪಕ್ಷಿಶಾಸ್ತ್ರಜ್ಞರು ಗುರುತಿಸಿರುವರು. ಉತ್ತರದ ಕವಿಗೆ ಮುಗಿಲೂ ನವಿಲೂ ಜೊತೆಯಾಗಿಯೇ ಕಾಣಿಸಿಕೊಳ್ಳುವುದು ಸಹಜವಾಗಿದ್ದಿತು. ದಕ್ಷಿಣದಲ್ಲಿ ಕುಣಿತದ ಉತ್ಕಟ ಕಾಲವು ಮುಂಗಾರಿಗಿಂತ ಮುಂಚೆ ಬರುವುದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲಿಗನ ಲೆಕ್ಕದಲ್ಲಿ ಹೇಳುವುದಾದರೆ, ಅಶ್ವಿನಿ, ಭರಣಿ, ಕೃತ್ತಿಕೆಯ ದಿನಗಳಲ್ಲಿ ಕುಣಿತವು ಬಲವಾಗಿದ್ದು, ರೋಹಿಣಿ ಕಳೆದು ಮೃಗಶಿರೆ, ಆರಿದ್ರೆಗಳ ಹೊತ್ತಿಗೆ ಮೊಟ್ಟೆ ಮರಿಗಳ ಕಾಲ ಬಂದಿರುವುದು. ಆದರೂ ಇಲ್ಲಿಯ ಕವಿಯು ತೀರ ತಪ್ಪಿದನೆಂದು ಹೇಳುವಂತಿಲ್ಲ; ಅಶ್ವಿನಿ ಭರಣಿಗಳಲ್ಲಿಯೂ ಈ ಸೀಮೆಯಲ್ಲಿ ಸಂಜೆಯ ಗುಡುಗುಮಳೆ ಬರುವುದುಂಟು, ಗುಡುಗಿನ ಸದ್ದಿಗೆ ನವಿಲು ಮಾರ್ಗೂಗುವುದೂ ಉಂಟು. ಸಿಡಿಮದ್ದಿನ ಸದ್ದಿಗೂ ಅದು ಹಾಗೆಯೇ ಕೂಗುವುದೆಂಬುದನ್ನು ಮಾತ್ರ ಕಾವ್ಯವು ಬಿಟ್ಟುಕೊಟ್ಟಿದೆ. ಇದನ್ನು ರಾಜಶೇಖರನ ಎರಡನೆಯ ವರ್ಗಕ್ಕೆ ಸೇರಿಸಬಹುದು.

ಕಾಲವು ಹೀಗೆ ಗೊತ್ತಾಗಿರುವುದಕ್ಕೆ ಕಾರಣವನ್ನು ಕುಣಿಯುವ ಗಂಡಿನಲ್ಲಿ ಹುಡುಕುವುದಕ್ಕಿಂತ ಹುಟ್ಟುವ ಮರಿಯಲ್ಲಿ ಹುಡುಕುವುದು ಯುಕ್ತವು. ಹೆಣ್ಣು ನವಿಲು ನೆಲದ ಮೇಲೆ ಪೊದೆಯ ಮರೆಯಲ್ಲಿ ತುಸು ಕೆದರಿದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮೊಟ್ಟೆಗಳನ್ನಿಟ್ಟು, ಸುಮಾರು ೨೮ ದಿನ ಒಂಟಿಯಾಗಿ ಕಾವು ಕೊಡುವುದು. ಗಂಡಿಗೆ ಗೂಡಿನ ಚಿಂತೆಯಿಲ್ಲ, ಮರಿಯ ಹೊಣೆಯಿಲ್ಲ. ಮರಿಗಳು ಮೊಟ್ಟೆಯೊಡೆದ ದಿನದಿಂದಲೇ ತಾಯಿಯ ಹಿಂದೆ ನಡೆದು ತಿನ್ನತೊಡಗುವುವು. ಮೊದಲ ವಾರಗಳಲ್ಲಿ ಅವುಗಳಿಗೆ ಬೇಕಾದುದು ಕಾಳಿಗಿಂತ ಹೆಚ್ಚಾಗಿ ಗೆದ್ದಲು, ಮಿಡತೆ, ಹುಳುಗಳು. ಈ ಆಹಾರವು ಹೇರಳವಾಗಿ ದೊರೆಯುವುದು ಮಳೆ ಬಿದ್ದು ನೆಲ ಹಸುರಾದ ಬಳಿಕ. ಆದುದರಿಂದ ಮಳೆಗೂ ನವಿಲಿಗೂ ಇರುವ ಸಂಬಂಧವು ನಿಜವೇ. ಆದರೆ ಅದು ಮುಗಿಲಿಗೂ ಕುಣಿತಕ್ಕೂ ಇರುವ ಸಂಬಂಧವಲ್ಲ, ಮಳೆಗೂ ಮರಿಗೂ ಇರುವ ಸಂಬಂಧ. ಕುಣಿತವು ಅದಕ್ಕೆ ಒಂದೆರಡು ತಿಂಗಳು ಮೊದಲೇ ನಡೆದುಹೋಗಬೇಕಾದ ಸಿದ್ಧತೆ.

ಇಷ್ಟು ಮುಂಚಿತವಾಗಿ ಹಕ್ಕಿಯ ದೇಹಕ್ಕೆ ಕಾಲವು ತಿಳಿಯುವುದು ಹೇಗೆಂಬುದು ಶರೀರಕ್ರಿಯಾಶಾಸ್ತ್ರದ ಪ್ರಶ್ನೆ. ಕೆನಡಾ ದೇಶದ ವಿಲಿಯಂ ರೋವನ್ ಎಂಬ ವಿದ್ವಾಂಸನು ೧೯೨೦ರ ದಶಕದಲ್ಲಿ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿಟ್ಟು, ವಿದ್ಯುದ್ದೀಪಗಳಿಂದ ಅವುಗಳ ಹಗಲನ್ನು ಮಾತ್ರ ದಿನದಿನಕ್ಕೆ ತುಸು ತುಸು ಹೆಚ್ಚಿಸಿದನು. ನಡುಚಳಿಗಾಲದಲ್ಲಿಯೇ ಅವುಗಳ ವೃಷಣಗಳು ವಸಂತಕಾಲದಲ್ಲಿ ಬೆಳೆಯುವಂತೆ ಬೆಳೆದುವು. ಹಗಲಿನ ಅಳತೆಯೇ ಹಕ್ಕಿಗೆ ಪಂಚಾಂಗವೆಂಬುದು ಹೀಗೆ ಸಿದ್ಧವಾಯಿತು. ಭಾರತದಲ್ಲಿ ಬನಾರಸ ಹಿಂದೂ ವಿಶ್ವವಿದ್ಯಾಲಯದ ಜೆ. ಪಿ. ಥಪ್ಲಿಯಾಲರೂ ಅವರ ಶಿಷ್ಯರೂ ಗೀಜಗ, ರಾಟವಾಳ ಮೊದಲಾದ ಹಕ್ಕಿಗಳಲ್ಲಿ ಇಂಥ ಪರೀಕ್ಷೆಗಳನ್ನು ವಿಸ್ತಾರವಾಗಿ ನಡೆಸಿದರು. ಬಂಕಾಪುರವು ಹದಿನೈದನೆಯ ಉತ್ತರ ಅಕ್ಷಾಂಶದ ಬಳಿ ಇರುವುದರಿಂದ ಅಲ್ಲಿಯ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸವು ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ ಮಾತ್ರ. ಕೆನಡಾದಲ್ಲಿ ಇದು ಹಲವು ಗಂಟೆಗಳಷ್ಟಾಗುವುದು. ಹಗಲಿನ ಸೂಚನೆಯು ಇಷ್ಟು ಮಂದವಾಗಿರುವ ನಾಡುಗಳಲ್ಲಿ ಮಳೆ, ಹಸುರು, ಆಹಾರಗಳ ಸೂಚನೆಗಳಿಗೆ ಹೆಚ್ಚಿನ ಬೆಲೆ ಬರುವುದು. ಒಂದೇ ಜಾತಿಯ ನವಿಲು ಸಿಂಹಳದಲ್ಲಿ ಒಂದು ಕಾಲಕ್ಕೆ, ಗಂಗೆಯ ಬಯಲಿನಲ್ಲಿ ಮತ್ತೊಂದು ಕಾಲಕ್ಕೆ ಕುಣಿಯುವುದನ್ನು ಈ ರೀತಿಯಾಗಿ ಅರ್ಥಮಾಡಿಕೊಳ್ಳುವುದು ಸಾಧ್ಯ.

ಇನ್ನು ಕುಣಿತದ ವಿಚಾರ. ಮೊದಲಿಗೆ ಒಂದು ಮಾತಿನ ದೋಷವನ್ನು ಸರಿಪಡಿಸುವುದು ಒಳ್ಳೆಯದು. ನವಿಲಿನ ಸೋಗೆಯು ಬಾಲವಲ್ಲ. ಬಾಲದ ಇಪ್ಪತ್ತು ಗರಿಗಳು ಕಂದು ಬಣ್ಣದವು, ಗಿಡ್ಡವಾದುವು, ಗಟ್ಟಿಯಾದುವು. ಸೋಗೆಯನ್ನು ಹಿಂದಿನಿಂದ ಎತ್ತಿ ಹಿಡಿದು ಅಲುಗಿಸುವ ಕೆಲಸ ಅವುಗಳದು. ಬಾಲದ ಮೇಲ್ಭಾಗವನ್ನು ಮುಚ್ಚುವ ಹೊದಿಕೆಗರಿಗಳು ಅತಿಶಯವಾಗಿ ಬೆಳೆದು ಸೋಗೆಯಾಗಿರುವುವು. ನಮ್ಮ ಭಾಷೆಯು ಸೋಗೆ ಎಂಬ ಬೇರೆಯ ಶಬ್ದವನ್ನು ಇಟ್ಟುಕೊಂಡಿರುವುದು ಈ ವಿಷಯದಲ್ಲಿ ಶಾಸ್ತ್ರಕ್ಕೆ ಅನುಕೂಲವಾಗಿಯೇ ಇದೆ.

ಗಂಡು ನವಿಲುಗಳು ಸಂತಾನಕಾಲದಲ್ಲಿ ಒಂದಕ್ಕೊಂದು ಸಮೀಪವಾಗಿ ಚಿಕ್ಕ ಚಿಕ್ಕ ಬಯಲುಗಳನ್ನು ಹಿಡಿದು ನಿಲ್ಲುವುವು. ಇವುಗಳನ್ನು ಕುಣಿತದ ಕಣಗಳೆನ್ನಬಹುದು. ಕಣದಲ್ಲಿ ಕಾಳೂ ಇಲ್ಲ, ಗೂಡಿಗೆ ಎಡೆಯೂ ಇಲ್ಲ. ಹೆಣ್ಣುಗಳು ಅಲ್ಲಿಗೆ ಬಂದು ಒಂದೊಂದು ಗಂಡನ್ನೂ ನೋಡಿ, ಒಪ್ಪಿದುದನ್ನು ಕೂಡಿ, ಹೊರಟುಹೋಗುವುವು. ಹೆಣ್ಣು ಬಳಿಗೆ ಬಂದಾಗ ಗಂಡು ಕೆದರಿದ ಸೋಗೆಯನ್ನು ಒಮ್ಮೆಗೇ ಝಲ್ಲೆಂದು ನಡುಗಿಸುವುದು. ಕವಿಗಳು ಕುಣಿತವೆಂದುದರ ಸಾರವೇ ಈ ನಡುಕ. ರೋಸ್ಲಿನ್ ಡೇಕಿನ್ ಮತ್ತು ಅವರ ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಗರಿಗಳು ಒಂದು ಸೆಕೆಂಡಿಗೆ ಸುಮಾರು ಇಪ್ಪತ್ತೈದು ಬಾರಿ ಕಂಪಿಸುವುವು. ಹೀಗೆ ಗರಿಗಳೆಲ್ಲ ಅಲುಗುತ್ತಿರುವಾಗ ಸೋಗೆಯ ಕಣ್ಣುಗಳು ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಂತೆ ತೋರುವುವು. ಕಣ್ಣಿನ ಭಾಗದ ಎಳೆಗಳು ಸೂಕ್ಷ್ಮವಾದ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. ಮಿನುಗುವ ಹಿನ್ನೆಲೆಯ ಮೇಲೆ ನಿಶ್ಚಲವಾದ ನೂರಾರು ಕಣ್ಣುಗಳು: ನೋಟದ ಸೊಬಗು ಇಷ್ಟರಲ್ಲಿದೆ.

ಈ ನಡುಕದಿಂದ ಹೊರಡುವ ಧ್ವನಿಯಲ್ಲಿ ಒಂದಂಶವು ಮನುಷ್ಯರ ಕಿವಿಗೆ ಕೇಳಿಸದು. ಸೆಕೆಂಡಿಗೆ ಇಪ್ಪತ್ತು ಕಂಪನಗಳಿಗಿಂತ ಕೆಳಗಿನ ಶ್ರುತಿಯನ್ನು ನಮ್ಮ ಕಿವಿಯು ಗ್ರಹಿಸಲಾರದು. ಕೆನಡಾದಲ್ಲಿ ಆಂಜೆಲಾ ಫ್ರೀಮನ್ ಮತ್ತು ಜೇಮ್ಸ್ ಹೇರ್ ಎಂಬವರು ೨೦೧೫ರಲ್ಲಿ, ಸೋಗೆಯು ಅಂಥ ಮಂದ್ರಧ್ವನಿಯನ್ನು ಹೊರಡಿಸುವುದೆಂದೂ ಅದನ್ನು ಯಂತ್ರದ ಮೂಲಕ ಕೇಳಿಸಿದಾಗ ನವಿಲುಗಳು ಎಚ್ಚತ್ತು ಪ್ರತಿಕ್ರಿಯೆ ತೋರುವುವೆಂದೂ ವರದಿ ಮಾಡಿದರು. ೨೦೧೮ರಲ್ಲಿ ಸುಸಾನ್ ಕೇನ್ ಮೊದಲಾದವರು ಮತ್ತೊಂದು ವಿಚಿತ್ರವನ್ನು ಕಂಡುಕೊಂಡರು: ತಲೆಯ ಮೇಲಿನ ಜುಟ್ಟಿನ ಗರಿಗಳು, ಸೋಗೆಯು ನಡುಗುವ ವೇಗಕ್ಕೆ ಸರಿಯಾಗಿಯೇ ಅನುರಣಿಸುವಂತೆ ಇರುವುವು. ಹೆಣ್ಣು ನವಿಲಿಗೂ ಜುಟ್ಟುಂಟು. ಕುಣಿತವನ್ನು ಅದು ಕಣ್ಣಿನಿಂದಲ್ಲದೆ ನೆತ್ತಿಯಿಂದಲೂ ಅರಿಯುತ್ತಿರಬಹುದೆಂಬ ಊಹೆಗೆ ಇದು ಎಡೆಕೊಟ್ಟಿದೆ. ಸಂಗೀತಶಾಸ್ತ್ರಕಾರರು ಷಡ್ಜಸ್ವರವನ್ನು ನವಿಲಿನ ಕೂಗಿಗೆ ಹೊಂದಿಸಿ ಹೇಳಿದುದು ಪ್ರಸಿದ್ಧವಾಗಿದೆ. ಕೂಗಿಗಿಂತ ಕೆಳಗಿನ ಶ್ರುತಿಯೊಂದು ಗರಿಯಲ್ಲಿದ್ದುದು ಅವರ ಕಿವಿಗೆ ದೊರೆಯುವಂತಿರಲಿಲ್ಲ.

ಕುಣಿತವು ಮುಗಿಲಿಗಾಗಿಯೋ ಹೆಣ್ಣಿಗಾಗಿಯೋ ಎಂಬ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರವು ದೊರೆತುದು ಬಿಸಿಲಿನಿಂದ. ಡೇಕಿನ್ ಮತ್ತು ರಾಬರ್ಟ್ ಮಾಂಟ್‌ಗೊಮರಿ ಎಂಬವರು ಉತ್ತರ ಅಮೆರಿಕೆಯ ಉದ್ಯಾನಗಳಲ್ಲಿ ಸ್ವೇಚ್ಛೆಯಾಗಿ ಓಡಾಡುವ ನವಿಲುಗಳನ್ನು ನೋಡಿ ೨೦೦೯ರಲ್ಲಿ ತಿಳಿಸಿದಂತೆ, ಹೆಣ್ಣಿನ ಮುಂದೆ ಸೋಗೆಯನ್ನು ನಡುಗಿಸುವ ಗಂಡು ಸೂರ್ಯನಿಗೆ ಸುಮಾರು ನಲವತ್ತೈದು ಅಂಶಗಳ ಓರೆಯಲ್ಲಿ ಮುಖಮಾಡಿ ನಿಲ್ಲುವುದು. ಆ ಕೋನದಲ್ಲಿ ಬೆಳಕು ಬಿದ್ದಾಗ ಕಣ್ಣುಗಳ ನೀಲಿ ಹಸುರುಗಳು ಉಜ್ಜ್ವಲವಾಗಿ ಹೊಳೆಯುವುವು. ನವಿಲು ಬಯಸುವುದು ಮೋಡವನ್ನಲ್ಲ, ಮೋಡದ ಮರೆಯಿಲ್ಲದ ಬಿಸಿಲನ್ನು ಎಂದು ಹೇಳಿದರೆ ಕಾವ್ಯರಸಿಕರಿಗೆ ನೋವಾಗಬಹುದು. ಆದರೆ ಗರಿಯ ರಚನೆಯನ್ನು ನೋಡಿದರೆ ಇದು ಆಶ್ಚರ್ಯವಲ್ಲ. ನವಿಲುಗರಿಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೬೫ರಲ್ಲಿಯೇ ಗರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅದನ್ನು ನೀರಿನಲ್ಲಿ ತೋಯಿಸಿದರೆ ಬಣ್ಣಗಳು ಮಾಯವಾಗುವುದನ್ನು ಕಂಡನು. ನ್ಯೂಟನ್ ೧೭೦೪ರ ತನ್ನ ದ್ಯುತಿಶಾಸ್ತ್ರ ಗ್ರಂಥದಲ್ಲಿ ಈ ಬಣ್ಣಗಳಿಗೆ ತೆಳುಪೊರೆಗಳ ಬಣ್ಣವನ್ನು ಸಾದೃಶ್ಯವಾಗಿ ಹೇಳಿದನು. ಎಳೆಗಳ ಒಳಗೆ ಮೆಲನಿನ್ನಿನ ಅತಿಸೂಕ್ಷ್ಮ ಸಲಾಕೆಗಳು ಕೆರಾಟಿನ್ನಿನಲ್ಲಿ ಜಾಲರಿಯಂತೆ ಸಾಲುಗೊಂಡಿರುವುವೆಂಬುದನ್ನೂ ಆ ಸಲಾಕೆಗಳ ಅಂತರವು ತುಸು ಹೆಚ್ಚಿದರೆ ನೀಲಿಯು ಹಸುರಾಗಿ, ಹಸುರು ಹಳದಿಯಾಗಿ ತಿರುಗುವುದೆಂಬುದನ್ನೂ ೨೦೦೩ರಲ್ಲಿ ಚೀನಾದೇಶದ ವಿಜ್ಞಾನಿಗಳು ವಿವರಿಸಿದರು. ಕರಿಯ ದ್ರವ್ಯವೊಂದೇ ಇದ್ದು ಬಣ್ಣಗಳು ಹಲವಾಗುವುದು ಇಲ್ಲಿಯ ಬೆಡಗು. ಹುಕ್ಕನ ಪರೀಕ್ಷೆಯನ್ನು ನೆನೆದರೆ, ಧಾರಾಕಾರ ಮಳೆಯಲ್ಲಿ ತೊಯ್ದ ಸೋಗೆಯು ಹೆಣ್ಣಿಗೆ ತೋರಿಸಲು ತಕ್ಕ ಒಡವೆಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಣ್ಣು ಗಂಡಿನಲ್ಲಿ ನೋಡುವುದೇನು ಎಂಬುದರ ಮೇಲೆ ನಡೆದಷ್ಟು ವಾದವು ಈ ಕ್ಷೇತ್ರದಲ್ಲಿ ಮತ್ತಾವುದರ ಮೇಲೆಯೂ ನಡೆದಿಲ್ಲ. ಇದರ ಮೂಲವು ಡಾರ್ವಿನ್ನನಲ್ಲಿದೆ. ನವಿಲುಗರಿಯನ್ನು ಕಂಡರೆ ತನಗೆ ಅಸ್ವಸ್ಥತೆಯಾಗುವುದೆಂದು ಅವನು ೧೮೬೦ರಲ್ಲಿ ಏಸಾ ಗ್ರೇ ಎಂಬ ಸಸ್ಯಶಾಸ್ತ್ರಜ್ಞನಿಗೆ ಬರೆದನು. ಜೀವನಹೋರಾಟಕ್ಕೆ ತೊಡಕಾಗುವಂತೆ ತೋರುವ ಇಂಥ ಆಡಂಬರವು ಹೇಗೆ ಬೆಳೆದುಬಂದಿತೆಂಬುದು ಅವನನ್ನು ಕಾಡಿತು. ಹೆಣ್ಣುಗಳ ಅಭಿರುಚಿಯೇ ತಲೆಮಾರುಗಳಿಂದ ಸೋಗೆಯನ್ನು ಬೆಳೆಸಿತೆಂಬುದು ೧೮೭೧ರಲ್ಲಿ ಅವನು ಕೊಟ್ಟ ಸಮಾಧಾನ. ಇದನ್ನು ಬಯಲಿನಲ್ಲಿ ನೋಡಿ ಪರೀಕ್ಷಿಸಲು ನೂರಿಪ್ಪತ್ತು ವರ್ಷಗಳು ಬೇಕಾದುವು. ಮೇರಿಯನ್ ಪೆಟ್ರಿ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ವಿಪ್‌ಸ್ನೇಡ್ ಉದ್ಯಾನದ ಕಣದಲ್ಲಿ ಹತ್ತು ಗಂಡುಗಳನ್ನು ಗುರುತಿಟ್ಟು, ಒಂದೊಂದರ ಸೋಗೆಯ ಕಣ್ಣುಗಳನ್ನೂ ಎಣಿಸಿ, ಯಾವುದಕ್ಕೆ ಎಷ್ಟು ಹೆಣ್ಣುಗಳು ಒಲಿದುವೆಂಬುದನ್ನು ೧೯೯೧ರಲ್ಲಿ ಪ್ರಕಟಿಸಿದರು. ಕೂಟದಲ್ಲಿ ಕೊನೆಗೊಂಡ ೧೧ ಪ್ರಸಂಗಗಳಲ್ಲಿ ೧೦ರಲ್ಲಿ ಹೆಣ್ಣು, ತಾನು ನೋಡಿಬಂದ ಗಂಡುಗಳಲ್ಲಿ ಹೆಚ್ಚು ಕಣ್ಣುಗಳಿದ್ದುದನ್ನೇ ಆರಿಸಿದ್ದಿತು. ಮುಂದೆ ೧೯೯೪ರಲ್ಲಿ ಕೆಲವು ಗಂಡುಗಳ ಸೋಗೆಯಿಂದ ಇಪ್ಪತ್ತು ಕಣ್ಣುಗಳನ್ನು ಕತ್ತರಿಸಿ ನೋಡಲಾಗಿ, ಅವುಗಳಿಗೆ ಒಲಿಯುವ ಹೆಣ್ಣುಗಳು ಕಡಮೆಯಾದುವು. ಅದೇ ವರ್ಷ, ಸೊಗಸಾದ ಸೋಗೆಯುಳ್ಳ ತಂದೆಯ ಮರಿಗಳು ಚೆನ್ನಾಗಿ ಬೆಳೆದು ಹೆಚ್ಚಾಗಿ ಬದುಕುವುವೆಂಬ ಫಲವನ್ನೂ ಪೆಟ್ರಿಯವರು ಪ್ರಕಟಿಸಿದರು. ವಾದವು ಅಲ್ಲಿಗೆ ಮುಗಿದಂತೆ ಎಲ್ಲರಿಗೂ ತೋರಿತು.

ಆದರೆ ಮುಗಿದಿರಲಿಲ್ಲ. ಜಪಾನಿನ ಇಜು ಉದ್ಯಾನದಲ್ಲಿ ಮಾರಿಕೊ ತಾಕಾಹಾಶಿ ಮತ್ತು ಅವರ ಸಂಗಡಿಗರು ಏಳು ವರ್ಷ ಎಡೆಬಿಡದೆ ನೋಡಿ, ಕಣ್ಣುಗಳ ಎಣಿಕೆಗೂ ಹೆಣ್ಣಿನ ಆಯ್ಕೆಗೂ ಯಾವ ಸಂಬಂಧವೂ ಕಾಣಲಿಲ್ಲವೆಂದು ೨೦೦೮ರಲ್ಲಿ ಸಾರಿದರು. ಎರಡು ಪಕ್ಷಗಳೂ ತಾವು ಕಂಡುದನ್ನೇ ಹೇಳಿದ್ದುವು. ೨೦೧೧ರಲ್ಲಿ ಡೇಕಿನ್ ಮತ್ತು ಮಾಂಟ್‌ಗೊಮರಿ ಈ ಗಂಟನ್ನು ಸ್ವಲ್ಪ ಸಡಲಿಸಿದರು. ಪ್ರಾಯಕ್ಕೆ ಬಂದ ಹೆಚ್ಚಿನ ಗಂಡುಗಳಲ್ಲಿ ಕಣ್ಣುಗಳ ಸಂಖ್ಯೆಯು ೧೬೫ರಿಂದ ೧೭೦ರ ಒಳಗೆ ಬರುವುದು. ಕತ್ತರಿಸಿಯೋ ಮುರಿದೋ ಎಣಿಕೆಯು ತೀರ ಇಳಿದ ಗಂಡನ್ನು ಹೆಣ್ಣು ತಿರಸ್ಕರಿಸುವುದು, ಆದರೆ ಸಹಜವಾದ ಅಲ್ಪ ವ್ಯತ್ಯಾಸವನ್ನು ಅದು ಲೆಕ್ಕಿಸುವಂತೆ ತೋರದು. ೨೦೧೩ರಲ್ಲಿ ಅವರೇ, ಎಣಿಕೆಗಿಂತ ಕಣ್ಣಿನ ನೀಲಿಹಸುರಿನ ಹೊಳಪೇ ಮುಖ್ಯವೆಂದೂ, ಆ ಹೊಳಪನ್ನು ಮರೆಮಾಡಿದರೆ ಗಂಡಿಗೆ ಸೋಲು ಖಂಡಿತವೆಂದೂ ತೋರಿಸಿಕೊಟ್ಟರು. ಅದೇ ವರ್ಷ ಜೆಸಿಕಾ ಯೊರ್ಜಿನ್ಸ್ಕಿ ಮೊದಲಾದವರು ಹೆಣ್ಣು ನವಿಲಿನ ತಲೆಗೆ ಚಿಕ್ಕ ಯಂತ್ರವೊಂದನ್ನು ಕಟ್ಟಿ ಅದರ ದೃಷ್ಟಿಯು ಎಲ್ಲೆಲ್ಲಿ ಹರಿಯುವುದೆಂಬುದನ್ನು ಹಿಡಿದರು. ಬಳಿಯಲ್ಲಿದ್ದಾಗ ಹೆಣ್ಣು ನೋಡುವುದು ಸೋಗೆಯ ಕೆಳಭಾಗವನ್ನು; ಮೇಲ್ಭಾಗದ ವೈಭವವು ಅದರ ಗಮನಕ್ಕೆ ಬರುವುದು ಎತ್ತರವಾದ ಹುಲ್ಲು ಗಿಡಗಳು ಕೆಳಭಾಗವನ್ನು ಮರೆಮಾಡಿದಾಗ ಮಾತ್ರ. ದೂರದಿಂದ ಕರೆಯುವುದಕ್ಕೆ ಮೇಲಿನ ಅಂಚು, ಒಲಿಸುವುದಕ್ಕೆ ಕೆಳಗಿನ ಅಂಚು. ಈ ಎಲ್ಲ ವೀಕ್ಷಣೆಗಳಲ್ಲಿ ಒಂದು ಕೊರತೆಯಿದೆ: ಹಕ್ಕಿಯು ಭಾರತದ್ದು, ಕಣಗಳು ಇಂಗ್ಲೆಂಡು, ಜಪಾನು, ಅಮೆರಿಕೆಗಳವು. ಹುಲಿ ಚಿರತೆಗಳಿಲ್ಲದ, ಮುಂಗಾರಿಲ್ಲದ, ಕೈತುತ್ತು ತಪ್ಪದ ಉದ್ಯಾನದ ನವಿಲಿನಿಂದ ಎರೆಹೊಲದ ನವಿಲನ್ನು ಅಳೆಯುವಾಗ ಎಚ್ಚರ ಬೇಕು. ೧೯೭೮ರಲ್ಲಿ ತಮಿಳುನಾಡಿನ ಇಂಜಾರಿನ ನವಿಲುಗಳ ಜೀವನಕ್ರಮವನ್ನು ಎ. ಜೆ. ಟಿ. ಜಾನ್ಸಿಂಗ್ ಮತ್ತು ಎಸ್. ಮುರಳಿಯವರೂ, ೧೯೯೬ರಲ್ಲಿ ಅಲೀಗಢದ ನವಿಲುಗಳ ಕೂಟವನ್ನು ಶಾಹ್ಲಾ ಯಾಸ್ಮೀನ್ ಮತ್ತು ಎಚ್. ಎಸ್. ಎ. ಯಾಹ್ಯಾ ಅವರೂ ಅವುಗಳ ಸ್ವಸ್ಥಾನದಲ್ಲಿಯೇ ನೋಡಿ ಬರೆದುದಕ್ಕೆ ಈ ಕಾರಣದಿಂದ ವಿಶೇಷವಾದ ಬೆಲೆಯುಂಟು.

ಸೋಗೆಯು ಗಂಡಿಗೆ ಭಾರವೆಂಬ ನಂಬಿಕೆಯೂ ಅಷ್ಟೇನೂ ಗಟ್ಟಿಯಾಗಿ ಉಳಿದಿಲ್ಲ. ಸೋಗೆಯನ್ನು ಕತ್ತರಿಸುವ ಮೊದಲೂ ಅನಂತರವೂ ನವಿಲು ನೆಲದಿಂದ ಮೇಲಕ್ಕೇಳುವುದನ್ನು ಅಳೆದ ಗ್ರಹಾಮ್ ಆಸ್ಕ್ಯೂ ಎಂಬವರಿಗೆ ೨೦೧೪ರಲ್ಲಿ ಗಣನೀಯವಾದ ಭೇದವೇನೂ ಕಾಣಲಿಲ್ಲ.

ಸೋಗೆಯು ಗಂಡುತನದ ಕುರುಹು; ಆದುದರಿಂದ ಅದನ್ನು ಬೆಳೆಸುವುದು ಗಂಡಿನ ಅಂತಃಸ್ರಾವವೇ ಇರಬೇಕೆಂದು ಯಾರಿಗಾದರೂ ತೋರುವುದು ಸಹಜ. ಸತ್ಯವು ಇದಕ್ಕೆ ತಿರುಗುಮುರುಗಾಗಿದೆ. ಲಂಡನ್ನಿನ ಶಸ್ತ್ರವೈದ್ಯನಾದ ಜಾನ್ ಹಂಟರನು ೧೭೮೦ರಲ್ಲಿ ಒಂದು ಹೆಣ್ಣು ನವಿಲಿನ ವೃತ್ತಾಂತವನ್ನು ಬರೆದಿಟ್ಟಿರುವನು. ಒಬ್ಬ ಶ್ರೀಮಂತ ಮಹಿಳೆಯು ಸಾಕಿದ್ದ ಆ ನವಿಲು ಹಲವು ಬಾರಿ ಮರಿಮಾಡಿದ್ದು, ವಯಸ್ಸಾದ ಮೇಲೆ ಗರಿಯುದುರಿಸಿ ಗಂಡಿನ ಗರಿಯನ್ನು ತಾಳಿತು. ಮುಂದೆ ಕಾಲಿಗೆ ಗಂಡಿನಂತೆ ಮುಳ್ಳೂ ಮೂಡಿತು. ಹಕ್ಕಿಗಳಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಕೆಲಸಮಾಡುವುದು. ಅದು ಬತ್ತಿದರೆ ಅಥವಾ ಅದನ್ನು ತೆಗೆದುಹಾಕಿದರೆ ಹೆಣ್ಣು ನವಿಲು ಗಂಡಿನ ಗರಿಯನ್ನು ಬೆಳೆಸಿಕೊಳ್ಳುವುದೆಂಬುದು ಮುಂದಿನ ಪರೀಕ್ಷೆಗಳಿಂದ ಸ್ಥಿರವಾಯಿತು. ಎಂದರೆ ಈ ಜಾತಿಯ ಸಹಜವಾದ ಉಡುಪು ಸೋಗೆಯೇ; ಹೆಣ್ಣಿನಲ್ಲಿ ಅಂಡಾಶಯದ ಸ್ರಾವವು ಅದನ್ನು ತಡೆದು ಕಂದುಬಣ್ಣದ ಸಾದಾ ಗರಿಯನ್ನು ಉಳಿಸುವುದು. ಮೊಟ್ಟೆಯ ಮೇಲೆ ತಿಂಗಳುಕಾಲ ಅಲುಗದೆ ಕುಳಿತುಕೊಳ್ಳಬೇಕಾದ ಹಕ್ಕಿಗೆ ಆ ಕಂದುಬಣ್ಣವು ಪ್ರಾಣರಕ್ಷಕವು. ಗಂಡಿನ ಸ್ರಾವಕ್ಕೆ ಬೇರೆಯ ಕೆಲಸವಿದೆ: ಕೂಗು, ಕುಣಿತ, 'ಕಣ'ದ ಕಾದಾಟಗಳು ಅದರ ಅಧೀನ. ಮಳೆಗಾಲವು ಮುಗಿಯುತ್ತ ಬಂದಂತೆ ಸೋಗೆಯು ಉದುರುವುದು, ಚಳಿಗಾಲದಲ್ಲಿ ಮತ್ತೆ ಬೆಳೆಯುವುದು. ಉದುರಿದ ಗರಿಗಳನ್ನು ಆಯುವವರು ಹಕ್ಕಿಯನ್ನು ಹಿಂಸಿಸುವುದಿಲ್ಲವೆಂಬ ಮಾತು ಇದರಿಂದ ಹುಟ್ಟಿದುದಾದರೂ, ಎಲ್ಲ ಗರಿಗಳೂ ಉದುರಿದುವೇ ಎಂಬುದನ್ನು ಗರಿಯ ಬುಡವನ್ನು ನೋಡಿ ಪರೀಕ್ಷಿಸಬೇಕಾದ ಪ್ರಸಂಗಗಳು ಬಂದಿರುವುವು. ಹೆಣ್ಣು ನವಿಲು ಗಂಡಿನ ಕಣ್ಣೀರನ್ನು ಕುಡಿದು ಗರ್ಭ ಧರಿಸುವುದೆಂಬ ಕಥೆಯು ಇಂದಿಗೂ ಕೇಳಿಬರುವುದರಿಂದ ಇಷ್ಟು ಹೇಳಿದರೆ ಸಾಕು: ಬೇರೆ ಹಕ್ಕಿಗಳಂತೆಯೇ ನವಿಲುಗಳೂ ಕೂಡುವುವು, ಅದನ್ನು ಕಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದು ರಾಜಶೇಖರನ ಮೊದಲನೆಯ ವರ್ಗ.

ಮೇಲಿನ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂಕಾಪುರದ ಕೋಟೆಯನ್ನು ನೋಡಿದರೆ, ನವಿಲುಗಳು ಅಲ್ಲಿ ನೆಲೆಸಿದುದು ಆಕಸ್ಮಿಕವಲ್ಲವೆಂದು ತೋರುವುದು. ಕುಣಿತಕ್ಕೆ ಬಿಸಿಲು ಬೀಳುವ ತೆರವಾದ ನೆಲ, ಗೂಡಿಗೆ ಮುಳ್ಳುಪೊದೆ, ರಾತ್ರಿ ತಂಗಲು ಎತ್ತರವಾದ ಮರ, ಕುಡಿಯಲು ನೀರು, ಈ ನಾಲ್ಕೂ ಒಂದಕ್ಕೊಂದು ಸಮೀಪದಲ್ಲಿರಬೇಕು. ಕೋಟೆಯ ಹಾಳು ಗೋಡೆಗಳ ನಡುವಣ ಬಯಲು, ಕಂದಕದ ಪೊದೆ ಮತ್ತು ಮರಗಳು ಈ ಅಗತ್ಯವನ್ನು ಪೂರೈಸುವುವು. ಆವರಣದಲ್ಲಿರುವ ಖಿಲಾರಿ ದನಗಳ ತಳಿಸಂವರ್ಧನ ಕ್ಷೇತ್ರದ ಮೇವಿನ ಬೆಳೆಯೂ ದನ ಮೇಯ್ದು ಗಿಡ್ಡವಾದ ಹುಲ್ಲೂ ಇದಕ್ಕೆ ನೆರವಾದುವು. ಆದುದರಿಂದ ರಕ್ಷಣೆಯ ಹೆಸರಿನಲ್ಲಿ ಒಳಗಿನ ನೆಲವನ್ನೆಲ್ಲ ಪೊದೆ ಬೆಳೆಯಲು ಬಿಟ್ಟರೆ ಕುಣಿತದ ಕಣಗಳು ಮುಚ್ಚಿಹೋಗುವುವು. ಉದ್ಯಾನದಂತೆ ಪೊದೆಯನ್ನೆಲ್ಲ ಸವರಿದರೆ ಗೂಡುಗಳು ಬಯಲಾಗುವುವು. ಯಾವುದೊಂದರ ಅತಿಯೂ ನವಿಲಿಗೆ ಆಗದು.

ಆದರೆ ನೂರಮೂವತ್ತೊಂಬತ್ತು ಎಕರೆಯೊಳಗೆ ನವಿಲಿನ ಬಾಳು ಮುಗಿಯುವುದಿಲ್ಲ. ಹೊತ್ತು ಮೂಡುತ್ತಲೇ ಅವು ಕಂದಕ ದಾಟಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವುವು. ಹಾನಗಲ್ಲಿನ ಕಡೆಗೆ ಮಳೆ ಹೆಚ್ಚು, ಭತ್ತದ ಗದ್ದೆಗಳೂ ಕೆರೆಗಳೂ ಉಂಟು; ಸವಣೂರಿನ ಕಡೆಗೆ ಹೋದಂತೆ ಮಳೆ ಕಡಮೆಯಾಗಿ ಎರೆಭೂಮಿಯ ಹತ್ತಿ ಜೋಳಗಳು ತೊಡಗುವುವು; ಹಿರೇಕೆರೂರಿನಲ್ಲಿ ಈಗ ಗೋವಿನಜೋಳದ್ದೇ ಮೇಲುಗೈ. ಮೊಳಕೆ, ಶೇಂಗಾ, ಕಾಳು, ಮೆಣಸಿನಕಾಯಿ ಮೊದಲಾದುವು ನವಿಲಿಗೆ ಪ್ರಿಯವಾಗಿರುವುದರಿಂದ ಒಕ್ಕಲಿಗನಿಗೆ ಅದರ ಮೇಲೆ ಕೋಪ ಬರುವುದು ಅಸಹಜವಲ್ಲ. ೧೯೬೩ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು, ೧೯೭೨ರ ವನ್ಯಜೀವಿ ರಕ್ಷಣಾ ಶಾಸನದ ಮೊದಲನೆಯ ಅನುಸೂಚಿಯಲ್ಲಿ ಅದು ಸೇರಿದೆ. ಹೊಲದಲ್ಲಿ ಬೆಳೆ ಕಳೆದುಕೊಂಡವನಿಗೆ ಇವೆರಡರಿಂದಲೂ ಸಮಾಧಾನವಾಗದು. ಬಿತ್ತುವ ಬೀಜಕ್ಕೆ ಹಚ್ಚಿದ ಔಷಧವು ನವಿಲಿಗೆ ವಿಷವಾಗುವುದು ಎಷ್ಟೋ ಸಲ ಯಾರ ದ್ವೇಷದಿಂದಲೂ ಅಲ್ಲ, ಕಾಲದ ಹೊಂದಾಣಿಕೆಯಿಂದ. ಹೆಣ್ಣು ನವಿಲು ಹೊಲದ ಬದುವಿನ ಮುಳ್ಳುಬೇಲಿಯ ಬುಡದಲ್ಲಿ ಕಾವಿಗೆ ಕೂಡುವುದೂ, ಒಕ್ಕಲಿಗನು ಹರಗಿ, ಬದು ಸವರಿ, ಬೀಜಕ್ಕೆ ಔಷಧ ಹಚ್ಚಿ ಬಿತ್ತಿಗೆಗೆ ಇಳಿಯುವುದೂ ರೋಹಿಣಿಯಿಂದ ಆರಿದ್ರೆಯವರೆಗಿನ ಅದೇ ದಿನಗಳಲ್ಲಿ. ಆ ಐದಾರು ವಾರ ಕಂದಕದ ಸುತ್ತಣ ಹೊಲಗಳ ಬದುಗಳನ್ನಾದರೂ ಸವರದೆ ಬಿಟ್ಟು, ಚೆಲ್ಲಿದ ಬೀಜವನ್ನು ಮಣ್ಣಿನಿಂದ ಮುಚ್ಚುವ ಏರ್ಪಾಡಾದರೆ, ಮೊಟ್ಟೆಯೊಡೆದ ಮರಿಗಳು ಕೋಟೆಯನ್ನು ಸೇರುವಷ್ಟು ಬಲಿಯುವವರೆಗೆ ಉಳಿಯಬಲ್ಲುವು.